ಕೊಟ್ಟದ್ದೆಷ್ಟು, ಬಂದದ್ದೆಷ್ಟು?



ನಮ್ಮ ಚರ್ಚಾ ಕಾರ್ಯಕ್ರಮವನ್ನು ತಪ್ಪದೆ ನೋಡುವವರಿಗೆ ಆ ಚಿತ್ರಪಟ ನೆನಪಿರಬಹುದು. ತೆರೆಯ ಎಡಕ್ಕೆ ನೂರು ರೂಪಾಯಿಯ ಒಂದು ದೊಡ್ಡ ನೋಟು. ಬಲಕ್ಕೆ ಹತ್ತರ ಒಂದು ಚಿಕ್ಕ ನೋಟು, ಅದರ ಪಕ್ಕದಲ್ಲಿ ಒಂದೊಂದು ರೂಪಾಯಿಯ ಮೂರು ನಾಣ್ಯ. ಕೆಳಗೆ ಒಂದೇ ಸಾಲು: ಕರ್ನಾಟಕ ಕೊಟ್ಟದ್ದು, ಕರ್ನಾಟಕಕ್ಕೆ ಬಂದದ್ದು. 2024ರ ಫೆಬ್ರವರಿ 7ರಂದು ನಮ್ಮ ಮುಖ್ಯಮಂತ್ರಿಗಳು, ಸಚಿವರು ಮತ್ತು ಶಾಸಕರು ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂತರಲ್ಲ, ಆ ದಿನಗಳ ಮಾತು ಇದು. ರಾಜ್ಯದಿಂದ ನೂರು ರೂಪಾಯಿ ತೆರಿಗೆ ಹೋದರೆ ಹನ್ನೆರಡೋ ಹದಿಮೂರೋ ರೂಪಾಯಿ ಹಿಂದಿರುಗುತ್ತದೆ ಎಂಬುದು ರಾಜ್ಯ ಸರ್ಕಾರದ ಲೆಕ್ಕವಾಗಿತ್ತು. ಆ ಲೆಕ್ಕವನ್ನು ಚಿತ್ರವಾಗಿಸಿ ತೆರೆಗೆ ತಂದದ್ದು ನಾನೇ. ನಾಲ್ಕು ಸೆಕೆಂಡಿನಲ್ಲಿ ಯಾರಿಗಾದರೂ ಅರ್ಥವಾಗುವ ಚಿತ್ರ ಎಂದು ಅಂದು ಸ್ವಲ್ಪ ಬೀಗಿದ್ದೂ ಉಂಟು.

ಎಂಟು ದಿನ ಕಳೆದ ಮೇಲೆ ಯಾದಗಿರಿ ಜಿಲ್ಲೆಯಿಂದ ಒಂದು ಅಂಚೆ ಕಾರ್ಡು ಬಂತು. ಬರೆದವರು ನಿವೃತ್ತ ಗಣಿತದ ಮೇಷ್ಟ್ರು. ಅಕ್ಷರ ಮುತ್ತಿನಂತಿತ್ತು, ಪ್ರಶ್ನೆ ಮಾತ್ರ ಚುಚ್ಚುವಂತಿತ್ತು. "ಮಾನ್ಯರೇ, ಚಿತ್ರ ಚೆನ್ನಾಗಿತ್ತು. ಇದೇ ಚಿತ್ರವನ್ನು ಬೆಂಗಳೂರಿಗೂ ಯಾದಗಿರಿಗೂ ನಡುವೆ ಬರೆಸಿ ತೋರಿಸುತ್ತೀರಾ? ಬೆಂಗಳೂರು ನೂರು ಕೊಟ್ಟು ಎಷ್ಟು ಪಡೆಯಿತು, ನಾವು ಎಷ್ಟು ಕೊಟ್ಟು ಎಷ್ಟು ಪಡೆದೆವು ಎಂದು. ಆಗ ನಮ್ಮವರು ಎಲ್ಲಿ ಹೋಗಿ ಧರಣಿ ಕೂರಬೇಕು?"

ಆ ಕಾರ್ಡಿಗೆ ತಕ್ಷಣ ಉತ್ತರ ಬರೆಯಲು ನನ್ನಿಂದ ಆಗಲಿಲ್ಲ. ನಮ್ಮ ಚಿತ್ರದಲ್ಲಿ ಸುಳ್ಳಿರಲಿಲ್ಲ. ಆದರೂ ಅದು ನ್ಯಾಯದ ಚಿತ್ರವಾಗಿರಲಿಲ್ಲ. ಕರ್ನಾಟಕಕ್ಕೆ ಅನ್ಯಾಯವಾಗಿಲ್ಲ ಎಂದು ನಾನು ಹೇಳುತ್ತಿಲ್ಲ. ಆಗಿದೆ ಎಂದೇ ನನ್ನ ಅಭಿಪ್ರಾಯ. ಆದರೆ ಆ ಅನ್ಯಾಯ ಇರುವ ಜಾಗ ಬೇರೆ. ಅದನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ.

ಮೊದಲಿಗೆ, ತೆರಿಗೆಯನ್ನು 'ಕೊಟ್ಟದ್ದು' ಯಾರು ಎಂಬುದೇ ಅಷ್ಟು ಸುಲಭದ ಪ್ರಶ್ನೆಯಲ್ಲ. ಯಾದಗಿರಿಯ ಕೂಲಿಕಾರನೊಬ್ಬ ಮೊಬೈಲಿಗೆ ಕರೆನ್ಸಿ ಹಾಕಿಸುತ್ತಾನೆ, ಸಾಬೂನು ಕೊಳ್ಳುತ್ತಾನೆ, ಬೈಕಿಗೆ ಪೆಟ್ರೋಲ್ ತುಂಬಿಸುತ್ತಾನೆ. ಅವನ ದುಡ್ಡಿನಿಂದ ಕಂಪನಿಗೆ ಲಾಭ ಬರುತ್ತದೆ. ಆ ಲಾಭದ ಮೇಲಿನ ತೆರಿಗೆ ಮಾತ್ರ ಕಂಪನಿಯ ಮುಖ್ಯ ಕಚೇರಿ ಎಲ್ಲಿದೆಯೋ ಅಲ್ಲಿ ಕಟ್ಟಲ್ಪಡುತ್ತದೆ. ಲೆಕ್ಕದ ಪುಸ್ತಕದಲ್ಲಿ ಅದು ಮುಂಬಯಿಯದೋ ಬೆಂಗಳೂರಿನದೋ ಆಗುತ್ತದೆ. ನೇರ ತೆರಿಗೆಯ ಸಂಗ್ರಹದಲ್ಲಿ ಮಹಾರಾಷ್ಟ್ರ ಮುಂದಿರುವುದಕ್ಕೂ ಅದರ ಹಿಂದೆಯೇ ನಮ್ಮ ರಾಜ್ಯ ಇರುವುದಕ್ಕೂ ನಮ್ಮ ದುಡಿಮೆ ಕಾರಣವೇ ಸರಿ, ಕಚೇರಿಗಳ ವಿಳಾಸವೂ ಒಂದು ಕಾರಣ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿ ಕುಳಿತ ಹುಡುಗ ಪಾಟ್ನಾದಲ್ಲಿ ಓದಿ ಬಂದಿರಬಹುದು. ಅವನ ಶಾಲೆಯ ಖರ್ಚು ಬಿಹಾರದ ಬೊಕ್ಕಸದ್ದು, ಅವನ ಆದಾಯ ತೆರಿಗೆ ನಮ್ಮ ಲೆಕ್ಕದ್ದು.

ಇನ್ನೂ ಸ್ವಲ್ಪ ಹಿಂದಕ್ಕೆ ಹೋಗೋಣ. ಬೆಂಗಳೂರು ಬೆಂಗಳೂರಾದದ್ದು ಹೇಗೆ? ಇಲ್ಲಿ 1909ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಬಂತು, ಅದಕ್ಕೆ ಟಾಟಾ ಅವರ ದಾನವೂ ಮೈಸೂರು ಸಂಸ್ಥಾನದ ಭೂಮಿಯೂ ಕಾರಣ. 1940ರಲ್ಲಿ ವಿಮಾನ ಕಾರ್ಖಾನೆ ಬಂತು, ಅದರಲ್ಲೂ ಸಂಸ್ಥಾನದ ಬಂಡವಾಳವಿತ್ತು. ಇದು ನಮ್ಮ ಹಿರಿಯರ ದೂರದೃಷ್ಟಿ, ಅದನ್ನು ಹೆಮ್ಮೆಯಿಂದಲೇ ಹೇಳಿಕೊಳ್ಳೋಣ. ಆದರೆ 1948ರ ಐ.ಟಿ.ಐ., 1953ರ ಎಚ್.ಎಂ.ಟಿ., 1954ರ ಬಿ.ಇ.ಎಲ್. ಬಂದದ್ದು ಇಡೀ ದೇಶದ ಬೊಕ್ಕಸದಿಂದ. ಆ ಕಾರ್ಖಾನೆಗಳ ಸುತ್ತ ಬೆಳೆದ ಕುಶಲ ಕೆಲಸಗಾರರು, ಎಂಜಿನಿಯರುಗಳು, ಸಣ್ಣ ಕೈಗಾರಿಕೆಗಳು ಮುಂದಿನ ಎಲ್ಲಕ್ಕೂ ನೆಲಗಟ್ಟಾದವು.

ಉಕ್ಕಿನ ಕಥೆ ಇದಕ್ಕಿಂತ ಕುತೂಹಲದ್ದು. 1956ರಿಂದ 1990ರ ದಶಕದ ಆರಂಭದವರೆಗೆ ನಮ್ಮ ದೇಶದಲ್ಲಿ ಸರಕು ಸಾಗಣೆಯ ದರವನ್ನು ಸರಿದೂಗಿಸುವ ನೀತಿಯೊಂದಿತ್ತು. ಜಮ್‌ಶೇಡ್‌ಪುರದಲ್ಲಿ ತಯಾರಾದ ಉಕ್ಕು ಜಮ್‌ಶೇಡ್‌ಪುರದಲ್ಲಿ ಯಾವ ಬೆಲೆಗೋ ಸಾವಿರಾರು ಕಿಲೋಮೀಟರ್ ದೂರದ ಊರಿನಲ್ಲೂ ಅದೇ ಬೆಲೆಗೆ ಸಿಗುತ್ತಿತ್ತು. ಹೀಗಿರುವಾಗ ಉಕ್ಕಿನ ಸರಕು ತಯಾರಿಸುವ ಉದ್ಯಮಿ ಅಂದಿನ ಬಿಹಾರದಲ್ಲಿ ಏಕೆ ಕಾರ್ಖಾನೆ ಹೂಡಬೇಕು? ಬಂದರು ಇರುವಲ್ಲಿ, ಪೇಟೆ ಇರುವಲ್ಲಿ, ಹವೆ ಹಿತವಾಗಿರುವಲ್ಲಿ ಹೂಡಿದರಾಯಿತು. ನಮಗೆ ಭದ್ರಾವತಿಯ ಉಕ್ಕೂ ಇತ್ತು, ಅದು ನಿಜ. ಆದರೆ ಗಣಿಯೂ ಕುಲುಮೆಯೂ ತನ್ನಲ್ಲೇ ಇದ್ದು, ಅದರಿಂದ ಸಿಗಬೇಕಾಗಿದ್ದ ಸಹಜ ಅನುಕೂಲವನ್ನು ಮೂವತ್ತೈದು ವರ್ಷ ಬಿಟ್ಟುಕೊಟ್ಟದ್ದು ಪೂರ್ವದ ರಾಜ್ಯಗಳು. ಆ ನಷ್ಟ ಯಾವ ವರ್ಷದ ಬಜೆಟ್ಟಿನಲ್ಲೂ ನಮೂದಾಗಲಿಲ್ಲ. ನೂರು ರೂಪಾಯಿ, ಹದಿಮೂರು ರೂಪಾಯಿ ಎನ್ನುವ ನಮ್ಮ ಚಿತ್ರದಲ್ಲಿ ಅದನ್ನು ಬರೆಯಲು ಜಾಗವೇ ಇರಲಿಲ್ಲ.

'ನಮ್ಮಲ್ಲಿ ವಸೂಲಾದದ್ದು ನಮ್ಮದು' ಎಂಬ ವಾದವೂ ಹೊಸದಲ್ಲ. ಸಂವಿಧಾನದ 280ನೆಯ ವಿಧಿಯಂತೆ ಕೆ.ಸಿ. ನಿಯೋಗಿಯವರ ಅಧ್ಯಕ್ಷತೆಯಲ್ಲಿ 1951ರಲ್ಲಿ ಮೊದಲ ಹಣಕಾಸು ಆಯೋಗ ರಚನೆಯಾದಾಗ ಮುಂಬಯಿ ಮತ್ತು ಪಶ್ಚಿಮ ಬಂಗಾಳ ಇದೇ ಮಾತನ್ನು ಬಲವಾಗಿ ಹಿಡಿದಿದ್ದವು. ಆಯೋಗ ಆದಾಯ ತೆರಿಗೆಯ ಶೇ. 55ನ್ನು ರಾಜ್ಯಗಳಿಗೆ ಬಿಟ್ಟುಕೊಟ್ಟು, ಅದನ್ನು ರಾಜ್ಯಗಳ ನಡುವೆ ಹಂಚುವಾಗ ಶೇ. 80ಕ್ಕೆ ಜನಸಂಖ್ಯೆಯನ್ನು, ಶೇ. 20ಕ್ಕೆ ಮಾತ್ರ ವಸೂಲಾತಿಯನ್ನು ಆಧಾರವಾಗಿ ತೆಗೆದುಕೊಂಡಿತು. ಮುಂದೆ ಆ ಇಪ್ಪತ್ತು ಹತ್ತಾಯಿತು. ಕೆ.ಸಿ. ಪಂತ್ ಅವರ ಹತ್ತನೆಯ ಆಯೋಗ ಅದನ್ನೂ ಕೈಬಿಟ್ಟಿತು. 1995ರಿಂದ ವಸೂಲಾತಿಗೆ ಯಾವ ಅಂಕವೂ ಉಳಿಯಲಿಲ್ಲ. ಅಂದು ಇದು ಮುಂಬಯಿಯ ದೂರಾಗಿತ್ತು. ಇಂದು ಬೆಂಗಳೂರಿನ ದೂರಾಗಿದೆ.

ಹಾಗಾದರೆ ಕರ್ನಾಟಕಕ್ಕೆ ಆದದ್ದೇನು?

ವೈ.ವಿ. ರೆಡ್ಡಿಯವರ ಹದಿನಾಲ್ಕನೆಯ ಆಯೋಗದ ಐದು ವರ್ಷ, ಅಂದರೆ 2015ರಿಂದ 2020ರವರೆಗೆ, ರಾಜ್ಯಗಳಿಗೆ ಹಂಚುವ ಮೊತ್ತದಲ್ಲಿ ನಮ್ಮ ಪಾಲು ಶೇ. 4.713 ಇತ್ತು. ಎನ್.ಕೆ. ಸಿಂಗ್ ಅವರ ಹದಿನೈದನೆಯ ಆಯೋಗ 2021ರಿಂದ 2026ರ ಅವಧಿಗೆ ಅದನ್ನು ಶೇ. 3.647ಕ್ಕೆ ಇಳಿಸಿತು. ಒಂದು ಚಿಲ್ಲರೆ ಶೇಕಡಾ ಎಂದು ತಳ್ಳಿಹಾಕಬೇಡಿ. 2025-26ರ ಕೇಂದ್ರ ಬಜೆಟ್ಟಿನ ಅಂದಾಜಿನಂತೆ ಎಲ್ಲ ರಾಜ್ಯಗಳಿಗೆ ಹಂಚಬೇಕಾಗಿದ್ದ ಮೊತ್ತ ಸುಮಾರು 14 ಲಕ್ಷ 22 ಸಾವಿರ ಕೋಟಿ ರೂಪಾಯಿ. ಅದರಲ್ಲಿ ನಮ್ಮ ಪಾಲು 51 ಸಾವಿರ ಕೋಟಿಯನ್ನು ದಾಟಿತ್ತು. ಹಳೆಯ ಪಾಲೇ ಉಳಿದಿದ್ದರೆ ಆ ಒಂದು ವರ್ಷಕ್ಕೆ ಇನ್ನೂ ಸುಮಾರು 15 ಸಾವಿರ ಕೋಟಿ ಬರುತ್ತಿತ್ತು.

ಇಷ್ಟು ದೊಡ್ಡ ಕುಸಿತ ಹೇಗಾಯಿತು? ಯಾರೋ ದೆಹಲಿಯಲ್ಲಿ ಕುಳಿತು ಕರ್ನಾಟಕದ ಹೆಸರಿನ ಮೇಲೆ ಗೆರೆ ಎಳೆದರು ಎಂದು ನಂಬುವುದು ಸುಲಭ. ನಾನು ವಿಜ್ಞಾನ ಓದಿದವನು, ಸೂತ್ರವನ್ನು ಕಂಡರೆ ಬಿಚ್ಚಿ ನೋಡದೆ ಇರಲಾರೆ. ಬಿಚ್ಚಿ ನೋಡಿದಾಗ ಕಂಡದ್ದನ್ನು ಹೇಳುತ್ತೇನೆ.

ಹದಿನೈದನೆಯ ಆಯೋಗ ನೂರು ಅಂಕಗಳನ್ನು ಹೀಗೆ ಹಂಚಿತ್ತು: 2011ರ ಜನಸಂಖ್ಯೆಗೆ 15, ವಿಸ್ತೀರ್ಣಕ್ಕೆ 15, ಕಾಡಿಗೆ 10, ಜನಸಂಖ್ಯೆ ನಿಯಂತ್ರಣದ ಸಾಧನೆಗೆ 12.5, ತೆರಿಗೆ ವಸೂಲಿಯ ಶ್ರಮಕ್ಕೆ 2.5. ಉಳಿದ 45 ಅಂಕ 'ಆದಾಯದ ಅಂತರ'ಕ್ಕೆ. ಅಂದರೆ, ಮುಂದಿರುವ ರಾಜ್ಯದ ತಲಾ ಆದಾಯಕ್ಕಿಂತ ನಿಮ್ಮ ರಾಜ್ಯದ ತಲಾ ಆದಾಯ ಎಷ್ಟು ಹಿಂದಿದೆಯೋ ಅಷ್ಟು ಹೆಚ್ಚು ಪಾಲು. ಆ ಅಂತರವನ್ನು ರಾಜ್ಯದ ಜನಸಂಖ್ಯೆಯಿಂದ ಗುಣಿಸುತ್ತಾರೆ. ಇಲ್ಲಿ ಗಮನಿಸಿ, ಜನಸಂಖ್ಯೆಗೆ ಹದಿನೈದೇ ಅಂಕ ಎಂದು ಹೇಳುತ್ತಾರಾದರೂ ಈ ನಲವತ್ತೈದರ ಒಳಗೂ ಅದು ಕುಳಿತಿದೆ.

ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳಿ. ಅತ್ಯಂತ ಮುಂದಿರುವ ರಾಜ್ಯದ ತಲಾ ಆದಾಯ ಎರಡು ಲಕ್ಷ. ಹಿಂದುಳಿದ ರಾಜ್ಯದ್ದು ಒಂದು ಲಕ್ಷ, ಅಲ್ಲಿನ ಜನ ಹತ್ತು ಕೋಟಿ. ನಮ್ಮಂಥ ಮೂರನೆಯ ರಾಜ್ಯದ್ದು ಒಂದು ಲಕ್ಷ ಅರವತ್ತು ಸಾವಿರ, ಜನ ಆರು ಕೋಟಿ. ಹಂಚಿಕೊಳ್ಳುವವರು ಈ ಕೊನೆಯ ಇಬ್ಬರೇ ಎಂದಿಟ್ಟುಕೊಳ್ಳಿ. ಹಿಂದುಳಿದ ರಾಜ್ಯದ ಅಂತರ ಒಂದು ಲಕ್ಷ, ನಮ್ಮದು ನಲವತ್ತು ಸಾವಿರ. ಜನಸಂಖ್ಯೆಯಿಂದ ಗುಣಿಸಿ ಭಾಗ ಮಾಡಿದರೆ ನಮಗೆ ನೂರಕ್ಕೆ ಸುಮಾರು 19 ಬರುತ್ತದೆ. ಐದು ವರ್ಷದ ನಂತರ ಉಳಿದವರು ಇದ್ದಲ್ಲೇ ಇದ್ದು ನಮ್ಮ ತಲಾ ಆದಾಯ ಮಾತ್ರ ಒಂದು ಲಕ್ಷ ಎಂಬತ್ತು ಸಾವಿರವಾಯಿತೆನ್ನಿ. ಆದಾಯ ಹೆಚ್ಚಿದ್ದು ಎಂಟನೇ ಒಂದು ಭಾಗ. ಆದರೆ ಅಂತರ ನಲವತ್ತರಿಂದ ಇಪ್ಪತ್ತಕ್ಕೆ ಇಳಿಯಿತು, ಅರ್ಧಕ್ಕರ್ಧ! ನಮ್ಮ ಪಾಲು 19ರಿಂದ 11ರ ಕೆಳಗೆ ಕುಸಿಯಿತು.

ಕಾಲೇಜಿನ ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ನಮ್ಮ ಮೇಷ್ಟ್ರು ಮೊದಲ ತಿಂಗಳಲ್ಲೇ ಎಚ್ಚರಿಸುತ್ತಿದ್ದರು. ಹತ್ತಿರ ಹತ್ತಿರವಿರುವ ಎರಡು ಅಳತೆಗಳನ್ನು ಒಂದರಿಂದೊಂದು ಕಳೆದು ಬರುವ ಶೇಷವನ್ನು ನೆಚ್ಚಬೇಡಿ, ಅಳತೆಯಲ್ಲಿ ಕೂದಲೆಳೆಯಷ್ಟು ತಪ್ಪಿದ್ದರೂ ಶೇಷದಲ್ಲಿ ಅದು ಹಗ್ಗದಷ್ಟಾಗುತ್ತದೆ ಎಂದು. ರಾಜ್ಯಗಳ ತಲಾ ಆದಾಯವಂತೂ ತಕ್ಕಡಿಯಲ್ಲಿ ತೂಗಿದ್ದಲ್ಲ, ಅಂಕಿ ಅಂಶದವರ ಅಂದಾಜು. ಮೂಲ ವರ್ಷ ಬದಲಾದರೆ, ಸಾಫ್ಟ್‌ವೇರ್ ಸೇವೆಗಳನ್ನು ಲೆಕ್ಕ ಹಾಕುವ ಕ್ರಮ ಬದಲಾದರೆ ಅದೂ ಬದಲಾಗುತ್ತದೆ. ಅಂಥ ಅಂದಾಜಿನ ಮೇಲೆ ಇಂಥ ಸೂಕ್ಷ್ಮವಾದ ಸೂತ್ರ ಹೂಡಿದಾಗ, ಮುಂದಿನವರ ಹತ್ತಿರಕ್ಕೆ ಬಂದ ರಾಜ್ಯ ಮೆಟ್ಟಿಲು ಇಳಿಯುವುದಿಲ್ಲ, ಬಂಡೆಯ ಅಂಚಿನಿಂದ ಬೀಳುತ್ತದೆ. ಕರ್ನಾಟಕಕ್ಕೆ ಬಹುಮಟ್ಟಿಗೆ ಆದದ್ದು ಇದೇ. ಜೊತೆಗೆ ಜನಸಂಖ್ಯೆಯ ಲೆಕ್ಕ ಪೂರ್ತಿಯಾಗಿ 2011ಕ್ಕೆ ಸರಿದದ್ದೂ ಸೇರಿಕೊಂಡಿತು.

ಜನಸಂಖ್ಯೆಯ ವಿಷಯ ನಿಮಗೆಲ್ಲ ಗೊತ್ತಿರುವಂಥದೇ. ಕುಟುಂಬ ಯೋಜನೆಯನ್ನು ಶ್ರದ್ಧೆಯಿಂದ ನಡೆಸಿದ ರಾಜ್ಯಕ್ಕೆ ನಷ್ಟವಾಗಬಾರದೆಂದು 1976ರಲ್ಲಿ ಹಂಚಿಕೆಗೆ 1971ರ ಜನಗಣತಿಯನ್ನೇ ಆಧಾರವಾಗಿ ಇಟ್ಟುಕೊಳ್ಳಲು ತೀರ್ಮಾನಿಸಲಾಗಿತ್ತು. ಹದಿನಾಲ್ಕನೆಯ ಆಯೋಗ ಆ ಬಾಗಿಲನ್ನು ಅರ್ಧ ತೆರೆಯಿತು, ಹದಿನೈದನೆಯದು ಪೂರ್ತಿ ತೆರೆಯಿತು. 2018ರ ಏಪ್ರಿಲ್‌ನಲ್ಲಿ ತಿರುವನಂತಪುರದಲ್ಲಿ ದಕ್ಷಿಣದ ಹಣಕಾಸು ಸಚಿವರು ಸಭೆ ಸೇರಿದ್ದು ಇದೇ ಕಾರಣಕ್ಕೆ. ಆ ಕೂಗಿನ ಫಲವೋ ಏನೋ, ಕಡಿಮೆ ಸಂತಾನದ ರಾಜ್ಯಗಳಿಗೆ 12.5 ಅಂಕದ ಸಮಾಧಾನ ದೊರೆಯಿತು.

ಇಷ್ಟಾಗಿಯೂ ಆಯೋಗದವರು ಕುರುಡರಾಗಿರಲಿಲ್ಲ ಎಂಬುದನ್ನು ಹೇಳಲೇಬೇಕು. 2020-21ರ ಒಂದು ವರ್ಷಕ್ಕೆಂದು ಕೊಟ್ಟ ಮೊದಲ ವರದಿಯಲ್ಲಿ, ಕರ್ನಾಟಕ, ತೆಲಂಗಾಣ, ಮಿಜೋರಾಂ ಈ ಮೂರು ರಾಜ್ಯಗಳಿಗೆ ಹಿಂದಿನ ವರ್ಷಕ್ಕಿಂತಲೂ ಕಡಿಮೆ ಹಣ ಬರುತ್ತದೆ ಎಂದು ಅವರೇ ಗುರುತಿಸಿದರು. ಬೀಳುವವರ ಕೆಳಗೆ ಬಲೆ ಹಿಡಿದಂತೆ ವಿಶೇಷ ಅನುದಾನವನ್ನೂ ಸೂಚಿಸಿದರು. ನಮ್ಮ ಪಾಲಿಗೆ 5,495 ಕೋಟಿ ರೂಪಾಯಿ ಬರಬೇಕಿತ್ತು. ಕೇಂದ್ರ ಸರ್ಕಾರ ಅದನ್ನು ಒಪ್ಪದೆ ಮರುಪರಿಶೀಲಿಸಿ ಎಂದಿತು. ಅಂತಿಮ ವರದಿಯಲ್ಲಿ ಆ ಅನುದಾನ ಇರಲಿಲ್ಲ. ಬೆಂಗಳೂರಿನ ಹೊರವರ್ತುಲ ರಸ್ತೆಗೂ ಕೆರೆಗಳಿಗೂ ತಲಾ 3,000 ಕೋಟಿಯ ಬೇರೊಂದು ಶಿಫಾರಸು ಇತ್ತು. ಅದೂ ಕೈಗೆ ಬರಲಿಲ್ಲವೆಂಬುದು ರಾಜ್ಯದ ದೂರು. ಶ್ರೀಮಂತ ರಾಜ್ಯ ಬಡ ರಾಜ್ಯಕ್ಕೆ ಕೊಡಬೇಕು ಎಂಬ ತತ್ವದಲ್ಲಿ ನನಗೆ ತಕರಾರಿಲ್ಲ. ಸಂಬಳ, ಪಿಂಚಣಿ, ಸಾಲದ ಬಡ್ಡಿ ಎಂದು ಮೊದಲೇ ಗೊತ್ತಾದ ಖರ್ಚುಗಳಿರುವ ರಾಜ್ಯವನ್ನು ಒಂದೇ ಸಲಕ್ಕೆ ಇಷ್ಟು ಆಳಕ್ಕೆ ಇಳಿಸಿ, ಆಯೋಗವೇ ಹಿಡಿದ ಬಲೆಯನ್ನು ಎಳೆದುಕೊಂಡದ್ದು ನ್ಯಾಯವೆಂದು ನನಗೆ ತೋರುವುದಿಲ್ಲ.

ಇನ್ನು ನಮ್ಮ ಚರ್ಚೆಗಳಲ್ಲಿ ಸಾಕಷ್ಟು ಬಾರದ ವಿಷಯಕ್ಕೆ ಬರುತ್ತೇನೆ. ಹಂಚುವುದು ಹೇಗೆ ಎಂದು ಇಷ್ಟು ಜಗಳವಾಡುತ್ತೇವೆ. ಹಂಚಲು ಪಾತ್ರೆಯಲ್ಲಿ ಎಷ್ಟಿದೆ ಎಂದು ಇಣುಕಿ ನೋಡುವವರು ಕಡಿಮೆ.

2021ರ ಫೆಬ್ರವರಿಯಲ್ಲಿ ನೀವು ಪೆಟ್ರೋಲ್ ಬಂಕಿನಲ್ಲಿ ಒಂದು ಲೀಟರ್ ಪೆಟ್ರೋಲ್ ಹಾಕಿಸಿದಾಗ ಕೇಂದ್ರದ ಅಬಕಾರಿ ಸುಂಕವೆಂದು 32 ರೂಪಾಯಿ 90 ಪೈಸೆ ಕೊಟ್ಟಿರಿ. ಅದರಲ್ಲಿ ರಾಜ್ಯಗಳೊಂದಿಗೆ ಹಂಚಿಕೊಳ್ಳಬೇಕಾದ ಮೂಲ ಸುಂಕ ಎಷ್ಟು ಗೊತ್ತೇ? 1 ರೂಪಾಯಿ 40 ಪೈಸೆ. ಉಳಿದ 31 ರೂಪಾಯಿ 50 ಪೈಸೆ ರಸ್ತೆಯ ಸೆಸ್, ಕೃಷಿಯ ಸೆಸ್, ವಿಶೇಷ ಹೆಚ್ಚುವರಿ ಸುಂಕ ಎಂಬ ಹೆಸರಿನವು. ಆ 1 ರೂಪಾಯಿ 40 ಪೈಸೆಯಲ್ಲಿ ಶೇ. 41 ಎಂದರೆ 57 ಪೈಸೆ. ಕಾಶ್ಮೀರ ಕಣಿವೆಯಿಂದ ಕೆಳಗಿಳಿದು ಕನ್ಯಾಕುಮಾರಿಯವರೆಗೆ ಇರುವ ಎಲ್ಲ ರಾಜ್ಯಗಳೂ ಪಾಲಿಗಾಗಿ ಕಾದಾಡಬೇಕಾಗಿದ್ದದ್ದು ಆ 57 ಪೈಸೆಗಾಗಿ. (ರಾಜ್ಯಗಳು ಇದರ ಮೇಲೆ ತಮ್ಮದೇ ಮಾರಾಟ ತೆರಿಗೆಯನ್ನೂ ಹಾಕುತ್ತಿದ್ದವು. ಅವೇನೂ ಬರಿಗೈಯಲ್ಲಿ ಕೂತಿರಲಿಲ್ಲ.)

ಸಂವಿಧಾನದ 270ನೆಯ ವಿಧಿಯಂತೆ ಸೆಸ್ ಮತ್ತು ಸರ್‌ಚಾರ್ಜುಗಳನ್ನು ಕೇಂದ್ರ ಹಂಚಿಕೊಳ್ಳಬೇಕಾಗಿಲ್ಲ. ನಿಶ್ಚಿತ ಕಾರ್ಯಕ್ಕಾಗಿ, ಆಪತ್ತಿಗಾಗಿ ಇರಲಿ ಎಂದು ಈ ವಿನಾಯಿತಿ. 2004ರಲ್ಲಿ ಶಿಕ್ಷಣಕ್ಕೆಂದು ಶೇ. 2ರ ಸೆಸ್ ಬಂತು, ಆರೋಗ್ಯವೂ ಸೇರಿ ಈಗ ಅದು ಶೇ. 4. ನೆಂಟನಾಗಿ ಬಂದದ್ದು ಮನೆಯವನಾಯಿತು. 2011-12ರಲ್ಲಿ ಕೇಂದ್ರದ ಒಟ್ಟು ತೆರಿಗೆಯಲ್ಲಿ ಸುಮಾರು ಹತ್ತನೇ ಒಂದು ಭಾಗವಾಗಿದ್ದ ಸೆಸ್ ಮತ್ತು ಸರ್‌ಚಾರ್ಜುಗಳು 2020-21ರ ಹೊತ್ತಿಗೆ ಸುಮಾರು ಐದನೇ ಒಂದು ಭಾಗವಾದವು. ಇವುಗಳ ಹಣದಲ್ಲಿ ಒಂದಿಷ್ಟು ಕೇಂದ್ರದ ಯೋಜನೆಗಳ ಮೂಲಕ ರಾಜ್ಯಗಳಿಗೇ ಬರುತ್ತದೆ, ಜಿ.ಎಸ್.ಟಿ. ಪರಿಹಾರ ಸೆಸ್ ಅಂತೂ ರಾಜ್ಯಗಳಿಗಾಗಿಯೇ ಇತ್ತು. ಅದನ್ನು ಮರೆಯಬಾರದು. ಆದರೆ ಹಕ್ಕಿನಿಂದ ಬರುವ ಪಾಲಿಗೂ ಷರತ್ತಿನ ಜೊತೆ ಬರುವ ಅನುದಾನಕ್ಕೂ ಇರುವ ವ್ಯತ್ಯಾಸವನ್ನು ನಾನು ವಿವರಿಸಬೇಕೆ?

2025-26ರ ಅಂದಾಜನ್ನೇ ಮತ್ತೆ ತೆಗೆದುಕೊಳ್ಳಿ. ಕೇಂದ್ರದ ಒಟ್ಟು ತೆರಿಗೆ ಸುಮಾರು 42 ಲಕ್ಷ 70 ಸಾವಿರ ಕೋಟಿ. ರಾಜ್ಯಗಳ ಪಾಲು ಶೇ. 41 ಎಂದು ಎಲ್ಲರೂ ಹೇಳುತ್ತಾರೆ. ಹಂಚಲು ಇಟ್ಟದ್ದು 14 ಲಕ್ಷ 22 ಸಾವಿರ ಕೋಟಿ. ಭಾಗಿಸಿ ನೋಡಿ, ಅದು ಒಟ್ಟಿನ ಶೇ. 33ರ ಸುಮಾರು. ವಸೂಲಾತಿ ವೆಚ್ಚದಂಥ ಸಣ್ಣಪುಟ್ಟ ಕಡಿತಗಳನ್ನು ಬಿಟ್ಟರೆ ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ ಸೆಸ್ ಮತ್ತು ಸರ್‌ಚಾರ್ಜು. ಒಟ್ಟು ತೆರಿಗೆಯಲ್ಲೇ ಶೇ. 41 ಹಂಚಿದ್ದರೆ ಇನ್ನೂ ಮೂರು ಲಕ್ಷ ಕೋಟಿಗೂ ಹೆಚ್ಚು ರಾಜ್ಯಗಳಿಗೆ ಹೋಗುತ್ತಿತ್ತು. ಒರಟು ಲೆಕ್ಕದಲ್ಲಿ, ನಮ್ಮ ಇಳಿದ ಪಾಲಿನಂತೆಯೇ ನಮಗೆ ಸುಮಾರು 12 ಸಾವಿರ ಕೋಟಿ. ಸೂತ್ರ ಬದಲಾದದ್ದರಿಂದ ಆದ ನಷ್ಟ 15 ಸಾವಿರ ಕೋಟಿ ಎಂದು ಆಗಲೇ ಹೇಳಿದೆನಲ್ಲ, ಅದರ ಸಮೀಪದ ಮೊತ್ತವೇ ಇದು. ವ್ಯತ್ಯಾಸವೊಂದಿದೆ. ಆ 15 ಸಾವಿರ ಕೋಟಿ ನಮಗೆ ಬರಬೇಕಾದರೆ ಇನ್ನೊಂದು ರಾಜ್ಯದ ತಟ್ಟೆಯಿಂದ ತೆಗೆಯಬೇಕು. ಈ 12 ಸಾವಿರ ಕೋಟಿ ನಮಗೆ ಬಂದರೆ ಬಿಹಾರಕ್ಕೆ 33 ಸಾವಿರ ಕೋಟಿಯಷ್ಟು ಬರುತ್ತದೆ. ಈ ಒಂದು ಬೇಡಿಕೆಯಲ್ಲಿ ಬೆಂಗಳೂರು ಮತ್ತು ಪಾಟ್ನಾ ಒಂದೇ ಜಮಖಾನೆಯ ಮೇಲೆ ಕೂರಬಹುದು. ಆದರೂ ನಾವು ಬಿಹಾರದ ತಟ್ಟೆಯನ್ನೇ ದಿಟ್ಟಿಸುತ್ತ ಕೂತೆವು. ನಮ್ಮ ಚಿತ್ರಪಟವೂ ನೋಡುಗರ ಕಣ್ಣನ್ನು ಅತ್ತಲೇ ತಿರುಗಿಸಿತು.

ಅರವಿಂದ ಪನಗರಿಯಾ ಅವರ ಹದಿನಾರನೆಯ ಆಯೋಗದ ವರದಿ 2026ರ ಫೆಬ್ರವರಿ 1ರಂದು ಸಂಸತ್ತಿನ ಮುಂದೆ ಬಂತು. 2026ರಿಂದ 2031ರವರೆಗಿನ ಐದು ವರ್ಷಕ್ಕೆ ಅದರ ತೀರ್ಮಾನ. ರಾಜ್ಯಗಳ ಒಟ್ಟು ಪಾಲನ್ನು ಶೇ. 41ರಲ್ಲೇ ಉಳಿಸಿದ್ದಾರೆ. ಆದಾಯದ ಅಂತರದ ಅಂಕ 45ರಿಂದ 42.5ಕ್ಕೆ ಇಳಿದಿದೆ. ದೇಶದ ಒಟ್ಟು ಉತ್ಪನ್ನಕ್ಕೆ ರಾಜ್ಯ ನೀಡುವ ಕೊಡುಗೆಗೆಂದು ಹೊಸದಾಗಿ 10 ಅಂಕ ಇಟ್ಟಿದ್ದಾರೆ. 1995ರಲ್ಲಿ ಹಿಂಬಾಗಿಲಿನಿಂದ ಹೋದದ್ದು ಬೇರೆ ಅಂಗಿ ತೊಟ್ಟು ಮುಂಬಾಗಿಲಿನಿಂದ ಬಂದಂತೆ. ನಮ್ಮ ಪಾಲು ಶೇ. 4.13ಕ್ಕೆ ಏರಿದೆ. 2025-26ರ ಮೊತ್ತಕ್ಕೇ ಹಾಕಿ ನೋಡಿದರೂ ವರ್ಷಕ್ಕೆ ಆರೂಮುಕ್ಕಾಲು ಸಾವಿರ ಕೋಟಿಗೂ ಹೆಚ್ಚು. ಕಳೆದುಕೊಂಡದ್ದರ ಅರ್ಧದ ಸಮೀಪ ಹಿಂದಿರುಗಿತು ಎನ್ನೋಣ. ನನಗೆ ಸಂತೋಷವೇ. ಆದರೆ ಪಾತ್ರೆಯ ತೂತು ಹಾಗೆಯೇ ಇದೆ.

ಈಗ ಯಾದಗಿರಿಯ ಮೇಷ್ಟ್ರ ಕಾರ್ಡಿಗೆ ಬರುತ್ತೇನೆ. ಸರಾಸರಿ ಆಳ ಲೆಕ್ಕ ಹಾಕಿ ಹೆಂಡತಿ ಮಕ್ಕಳೊಂದಿಗೆ ಹೊಳೆಗಿಳಿದ ಶಾನುಭೋಗನ ಕಥೆಯನ್ನು ನೀವು ಕೇಳಿರುತ್ತೀರಿ. ಕರ್ನಾಟಕದ ತಲಾ ಆದಾಯ ಅಂಥದೇ ಸರಾಸರಿ. ರಾಜ್ಯದ ಒಟ್ಟು ಉತ್ಪನ್ನದಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಬೆಂಗಳೂರು ನಗರ ಜಿಲ್ಲೆಯೊಂದರಿಂದಲೇ ಬರುತ್ತದೆ. ಆ ಜಿಲ್ಲೆಯ ತಲಾ ಆದಾಯ ಕಲಬುರಗಿಯದರ ನಾಲ್ಕೈದು ಪಟ್ಟು. ಕರ್ನಾಟಕಕ್ಕೂ ಬಿಹಾರಕ್ಕೂ ಇರುವ ಅಂತರವೂ ಹತ್ತಿರ ಹತ್ತಿರ ಅಷ್ಟೇ ಎಂಬುದನ್ನು ನೋಡಿದಾಗ ನಾನು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಬೆಂಗಳೂರಿನ ಗಾಜಿನ ಕಟ್ಟಡಗಳ ಆದಾಯದಿಂದ ಮೇಲೇರಿದ ಸರಾಸರಿ, ತೊಗರಿ ಬೆಳೆಯುವ ರೈತನ ಹೆಸರಿನಲ್ಲೂ 'ಈ ರಾಜ್ಯ ಶ್ರೀಮಂತ' ಎಂದು ಬರೆಯುತ್ತದೆ. ಪಾಲು ಕಡಿತವಾದಾಗ ಬೆಂಗಳೂರಿಗೆ ಹೇಗೋ ನಡೆಯುತ್ತದೆ. ಯಾದಗಿರಿಯ ಶಾಲೆಯ ಕೊಠಡಿ ಮುಂದಿನ ವರ್ಷಕ್ಕೆ ಹೋಗುತ್ತದೆ.

ಆದ್ದರಿಂದ ಮೇಷ್ಟ್ರ ಪ್ರಶ್ನೆ ಎರಡು ಕಡೆಗೂ ಕೊಯ್ಯುತ್ತದೆ. ದೆಹಲಿಯ ಮುಂದೆ ನಾವು ಹೇಳಬಹುದಾದ ಬಲವಾದ ಮಾತು 'ನಮ್ಮ ನೂರು ನಮಗೆ ಕೊಡಿ' ಎಂಬುದಲ್ಲ. ಆ ಮಾತನ್ನು ಒಪ್ಪಿಕೊಂಡರೆ ನಾಳೆ ಬೆಂಗಳೂರಿನ ತೆರಿಗೆದಾರ ವಿಧಾನಸೌಧದ ಮುಂದೆ ಅದನ್ನೇ ಹೇಳುತ್ತಾನೆ, ಯಾದಗಿರಿಗೆ ಮೂರು ಕಾಸೂ ಉಳಿಯುವುದಿಲ್ಲ. ಡಿ.ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ 175 ತಾಲ್ಲೂಕುಗಳಲ್ಲಿ 114ನ್ನು ಹಿಂದುಳಿದವು ಎಂದು ಗುರುತಿಸಿ, ಅದರಲ್ಲೂ 39ನ್ನು ಅತ್ಯಂತ ಹಿಂದುಳಿದವು ಎಂದು ಹೆಸರಿಸಿತು. ಸಮಿತಿ ಕೇಳಿದ್ದು ಕೊಟ್ಟದ್ದೆಷ್ಟು ಎಂದಲ್ಲ. ಅದು ಶಾಲೆ, ಆಸ್ಪತ್ರೆ, ರಸ್ತೆ, ನೀರಾವರಿ ಎಲ್ಲೆಲ್ಲಿ ಎಷ್ಟೆಷ್ಟು ಕೊರತೆಯಿದೆ ಎಂದು ಕೇಳಿತು. 371-ಜೆ ವಿಧಿಗಾಗಿ ಹೈದರಾಬಾದ್ ಕರ್ನಾಟಕದ ಜನ ಹೋರಾಡಿ 2012ರಲ್ಲಿ ಅದನ್ನು ಪಡೆದದ್ದೂ ಅದೇ ನ್ಯಾಯದ ಮೇಲೆ. ನಮ್ಮ ಮನೆಯೊಳಗೆ ಒಪ್ಪಿದ ನ್ಯಾಯವನ್ನು ವಿಂಧ್ಯದ ಆಚೆಗೆ ಒಪ್ಪುವುದಿಲ್ಲ ಎಂದರೆ ನಮ್ಮ ವಾದ ನಿಲ್ಲುವುದಿಲ್ಲ. ಹಾಗೆಯೇ, ದೆಹಲಿಯಿಂದ ಹಕ್ಕಿನ ಪಾಲು ಕೇಳುವ ರಾಜ್ಯ, ತನ್ನ ಗ್ರಾಮ ಪಂಚಾಯಿತಿಗಳಿಗೂ ಜಿಲ್ಲೆಗಳಿಗೂ ಹಕ್ಕಿನಿಂದ ಎಷ್ಟು ಕೊಡುತ್ತಿದೆ, ಷರತ್ತಿನಿಂದ ಎಷ್ಟು ಕೊಡುತ್ತಿದೆ ಎಂದು ಕೇಳಿದರೆ ಮುಖ ತಿರುಗಿಸಬಾರದು. 2023-24ರ ಬಜೆಟ್ಟಿನಲ್ಲಿ ಕಲ್ಯಾಣ ಕರ್ನಾಟಕದ ಮಂಡಳಿಗೆ 5,000 ಕೋಟಿ ಘೋಷಣೆಯಾಯಿತು. ಘೋಷಣೆಯಾದದ್ದರಲ್ಲಿ ಖರ್ಚಾದದ್ದೆಷ್ಟು ಎಂದು ವರ್ಷ ವರ್ಷವೂ ಕೇಳುತ್ತಲೇ ಇರಬೇಕಾದವರು ನೀವು ಮತ್ತು ನಾವು.

ದೆಹಲಿಯಲ್ಲಿ ಕೇಳಬೇಕಾದವು ಬೇರೆ ಇವೆ. ಸೆಸ್ ಮತ್ತು ಸರ್‌ಚಾರ್ಜುಗಳಿಗೆ ಒಂದು ಮಿತಿ ಬೇಕು, ಮಿತಿ ಮೀರಿದ್ದು ತಾನಾಗಿ ಹಂಚಿಕೆಯ ಪಾತ್ರೆಗೆ ಬೀಳಬೇಕು. ಒಂದು ಆಯೋಗದಿಂದ ಇನ್ನೊಂದಕ್ಕೆ ಯಾವುದೇ ರಾಜ್ಯದ ಪಾಲು ಇಷ್ಟಕ್ಕಿಂತ ಕೆಳಗಿಳಿಯಬಾರದು ಎಂಬ ತಳಮಟ್ಟ ಬೇಕು. ಆಯೋಗ ಸೂಚಿಸಿದ ಅನುದಾನವನ್ನು ನಿರಾಕರಿಸುವುದಾದರೆ ಕಾರಣವನ್ನು ಸಂಸತ್ತಿನಲ್ಲಿ ಬಿಡಿಸಿ ಹೇಳಬೇಕು. ಇವುಗಳಲ್ಲಿ ಯಾವುದೂ ಬಿಹಾರದ ಮಗುವಿನ ಬಟ್ಟಲಿಗೆ ಕೈ ಹಾಕುವುದಿಲ್ಲ.

ಮೇಷ್ಟ್ರಿಗೆ ತಡವಾಗಿಯಾದರೂ ಉತ್ತರ ಬರೆದಿದ್ದೇನೆ. ಮುಂದಿನ ತಿಂಗಳು ಇದೇ ವಿಷಯದ ಮೇಲೆ ನಮ್ಮ ಚರ್ಚೆ ಮತ್ತೆ ನಡೆಯಲಿದೆ. ಆ ನೂರರ ನೋಟಿನ ಚಿತ್ರಪಟವನ್ನು ಈ ಸಲ ಬಳಸುವುದಿಲ್ಲ. ಅದರ ಜಾಗದಲ್ಲಿ ಎರಡು ಹೊಸ ಚಿತ್ರಗಳು ತಯಾರಾಗಿವೆ. ಒಂದರಲ್ಲಿ ಒಂದು ಲೀಟರ್ ಪೆಟ್ರೋಲಿನ ಡಬ್ಬಿ, ಅದರ ತಳದಲ್ಲಿ 57 ಪೈಸೆಯ ಗೆರೆ. ಇನ್ನೊಂದು ಕರ್ನಾಟಕದ ನಕ್ಷೆ, ಅದರಲ್ಲಿ ನಂಜುಂಡಪ್ಪನವರ 39 ತಾಲ್ಲೂಕುಗಳಿಗೆ ಮಾತ್ರ ಬಣ್ಣ. ಚರ್ಚೆಗೆ ಬರುವ ಅತಿಥಿಗಳಿಗೆ ಎರಡನ್ನೂ ಒಟ್ಟಿಗೆ ತೋರಿಸಿ ಮಾತು ಆರಂಭಿಸುತ್ತೇವೆ. ಅವರನ್ನು ಕೇಳಬೇಕಾದ ಪ್ರಶ್ನೆಗಳಿದ್ದರೆ ಅಂಚೆ ಕಾರ್ಡಿನಲ್ಲೇ ಬರೆದು ಕಳುಹಿಸಿ. ಲೆಕ್ಕ ತಪ್ಪಿದ್ದರೆ ಅದನ್ನೂ ಬರೆಯಿರಿ. ಯಾದಗಿರಿಯ ಆ ಹಿರಿಯರು ಪೆನ್ಸಿಲ್ ಚೂಪು ಮಾಡಿಕೊಂಡು ಕಾದಿರುತ್ತಾರೆ ಎಂಬುದು ನನಗೆ ಗೊತ್ತು.